ಸ್ಪೀಕರ್‌ಗೆ ಮರದ ಸ್ಟ್ಯಾಂಡ್, ತಳಕ್ಕೆ ಶಹಾಬಾದ್ ಕಲ್ಲು

ಮೊದಲು ನೀವು ಹಾಡು ಕೇಳುವ ಕುರ್ಚಿಯಲ್ಲೇ ಕೂತು, ನೆಲದಿಂದ ಕಿವಿಯ ಎತ್ತರ ಅಳೆಸಿ. ಟ್ವೀಟರ್, ಅಂದ್ರೆ ಸ್ಪೀಕರಿನಲ್ಲಿ ತೀಕ್ಷ್ಣ ದನಿ ಹೊರಡಿಸುವ ಚಿಕ್ಕ ಭಾಗ, ಆ ಎತ್ತರಕ್ಕೆ ಬರಬೇಕು. ನನ್ನ ಕಿವಿ 92 ಸೆಂ.ಮೀ., ಟ್ವೀಟರ್ ಸ್ಪೀಕರಿನ ತಳದಿಂದ 24. ಅಂದ್ರೆ ಸ್ಟ್ಯಾಂಡ್ 68. ಕಲ್ಲಿಗೆ 3, ಮೇಲಿನ ಕೆಳಗಿನ ಹಲಗೆಗೆ ತಲಾ 2 ಕಳೆದರೆ ಕಂಬ 61.

ಸಾಗವಾನಿಯೇ ಬೇಕಂತಿಲ್ಲ, ಹಳೇ ಬಾಗಿಲಿನ ಹಲಗೆ ಚೆನ್ನಾಗಿ ಒಣಗಿರುತ್ತದೆ. ನಾಲ್ಕು ಹಲಗೆಗೆ ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು ಟೊಳ್ಳು ಕಂಬ ಮಾಡಿ. ತಳದ ಹಲಗೆಯನ್ನು ಅಡಿಯಿಂದ ಸ್ಕ್ರೂ ಹಾಕಿ ಕೂರಿಸಿ.

ಈಗ ಕಂಬದೊಳಗೆ ತುಂಬಲು ಮರಳು. ಜರಡಿ ಹಿಡಿದು ಮಾಳಿಗೆ ಮೇಲೆ ತೆಳ್ಳಗೆ ಹರಡಿ. ನಮ್ಮ ಕಲಬುರಗಿ ಬಿಸಿಲು ಒಂದು ಕೆಲಸಕ್ಕಾದರೂ ಬರಲಿ! ಹಸಿ ಉಳಿದರೆ ಮರ ಉಬ್ಬುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇಳಿಸಿದರೆ ಸಂದಿಯಿಂದ ಸೋರಲ್ಲ. ಬೆರಳಿನಿಂದ ತಟ್ಟಿ ನೋಡಿ: ಖಾಲಿ ಕಂಬ ಟಣ್ ಅನ್ನುತ್ತದೆ, ತುಂಬಿದ್ದು ಧಪ್. ಆ ಧಪ್ ಬರುವವರೆಗೂ ತುಂಬಿ, ಆಮೇಲೆ ಮೇಲಿನ ಹಲಗೆ.

ಫರ್ಸಿ (ಹಾಸುಗಲ್ಲು) ಅಂಗಡಿಯಲ್ಲಿ 30×35 ಸೆಂ.ಮೀ. ಕಲ್ಲು ಕತ್ತರಿಸಿಕೊಡುತ್ತಾರೆ. ಅರಾಲ್ಡೈಟ್‌ನಿಂದ ತಳಕ್ಕೆ ಅಂಟಿಸಿ. ಭಾರ ಕೆಳಗಿದ್ದರೆ ಮಗು ತಾಗಿದರೂ ಸುಲಭಕ್ಕೆ ಉರುಳಲ್ಲ. ಚೂಪು ಕಾಲು ಕಾರ್ಪೆಟ್ಟಿಗೆ ಸರಿ, ಫರ್ಸಿ ನೆಲಕ್ಕೆ ಗೀರು ಗ್ಯಾರಂಟಿ. ತೆಳು ರಬ್ಬರ್ ತುಂಡೇ ಸಾಕು.