ಕೊಡಗಿನ ಮಳೆಯಲ್ಲಿ ಒಣ ಸೀಮೆಯ ಟರಂಟುಲಾ: ನನ್ನ ಅನುಭವ

ಈ ಸಲ ಕಕ್ಕಡ (ಆಟಿ ತಿಂಗಳು) ಮುಗಿಯುವ ಹೊತ್ತಿಗೆ ನನ್ನ ಸಾಕು ಜೇಡ, ಗ್ರೀನ್ ಬಾಟಲ್ ಬ್ಲೂ ಅನ್ನುವ ಟರಂಟುಲಾ, ಏಳನೆಯದೋ ಎಂಟನೆಯದೋ ಪೊರೆ ಬಿಟ್ಟಿತು. ಎರಡು ಮಳೆಗಾಲ ದಾಟಿದೆ. ಇದನ್ನು ತರುತ್ತೇನೆ ಅಂದಾಗ ಜೇಡ ಸಾಕುವ ಗೆಳೆಯರೆಲ್ಲ ನಕ್ಕಿದ್ದರು. ವೆನೆಜುವೆಲಾದ ಕುರುಚಲು ಕಾಡಿನ ಜೇಡ, ಮಡಿಕೇರಿ ಮಳೆಗೆ ತಿಂಗಳೂ ನಿಲ್ಲುವುದಿಲ್ಲ ಅಂತ. ಅವ್ವನ ಲೆಕ್ಕವೇ ಬೇರೆ. "ಮೂರೂವರೆ ಸಾವಿರಕ್ಕೆ ಒಂದು ಹಂದಿಮರಿ ಬರ್ತದೆ. ಅದನ್ನಾದ್ರೆ ತಿನ್ನಲಿಕ್ಕಾದ್ರೂ ಆಗ್ತದೆ."

ಅದಕ್ಕೂ ಮೊದಲು ಎಲ್ಲರ ಮಾತು ಕೇಳಿ ಕೆಟ್ಟಿದ್ದೆ. ಕೊಡಗು ಅಂದರೆ ತೇವ, ಹಾಗಾಗಿ ತೇವದ ಜಾತಿಯೇ ಸರಿ ಅಂದರು. ಮಾರ್ಟಿನೀಕ್ ದ್ವೀಪದ ವರ್ಸಿಕಲರ್ ಅನ್ನುವ ಟರಂಟುಲಾ ಮರಿ ಎರಡು ತಂದೆ. ಕಡು ನೀಲಿ, ಉಗುರಿನಷ್ಟು ಗಾತ್ರ. ಜುಲೈ ಮೊದಲ ವಾರ ಒಂದು ಹೋಯಿತು, ಹದಿನೈದು ದಿನಕ್ಕೆ ಇನ್ನೊಂದು. ತೇವ ಬೇಕು ನಿಜ, ಗಾಳಿಯಾಡದ ತೇವ ಅಲ್ಲ. ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಯಲ್ಲಿ ನಾನು ದಿನಾ ಸ್ಪ್ರೇ ಬೇರೆ ಹೊಡೆಯುತ್ತಿದ್ದೆ! ಹತ್ತಿರ ಹತ್ತಿರ ಆರು ಸಾವಿರ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ತಲೆಗೆ ಹೊಳೆಯಿತು. ತೇವದ ಜಾತಿಗೆ ಪೆಟ್ಟಿಗೆಯ ಒಳಗೂ ನೀರು, ಹೊರಗೂ ನೀರು. ಒಣ ಜಾತಿಗೆ ಒಳಗೆ ನೀರು ಹಾಕುವ ಕೆಲಸವೇ ಇಲ್ಲ. ಹೊರಗಿನದನ್ನು ತಡೆದರೆ ಮುಗಿಯಿತು. ಅದಕ್ಕೆ ನಮ್ಮಲ್ಲಿ ಹಂಡೆ ಒಲೆ ಉಂಟಲ್ಲ.

ಜಾತಿ ಆರಿಸಲು ಒಂದು ತಿಂಗಳು ಹಿಡಿಯಿತು. ಮೆಕ್ಸಿಕನ್ ರೆಡ್ ನೀ ಆಸೆ ಇತ್ತು. ಆದರೆ ಅದರ ಕುಲ ಬ್ರಾಕಿಪೆಲ್ಮಾ ಪೂರ್ತಿ ಸೈಟಿಸ್ (ಕಾಡುಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಅನುಬಂಧ 2ರಲ್ಲಿದೆ, ಕೇಂದ್ರ ಸರ್ಕಾರದ ಜಾಲತಾಣ ಪರಿವೇಶ್‌ನಲ್ಲಿ ನೋಂದಣಿ ಆಗಬೇಕು. ಮಾರುವವನು ಕಾಗದ ಕೇಳಿದರೆ ಮಾತು ಬದಲಿಸುತ್ತಿದ್ದ, ಬಿಟ್ಟೆ. ಹೆಣ್ಣಾದರೆ ಇಪ್ಪತ್ತು ವರ್ಷದ ಮೇಲೆ ಬದುಕುತ್ತದೆ, ನನ್ನ ನಂತರ ನೋಡುವವರು ಯಾರು? ಆಫ್ರಿಕಾದ ಓಬಿಟಿ (ಆರೆಂಜ್ ಬಬೂನ್ ಟರಂಟುಲಾ) ಒಣ ಜಾತಿ, ಗಟ್ಟಿ, ಅಗ್ಗ. ಆದರೆ ಕಚ್ಚಿದರೆ ನೋವು ಜೋರು, ಮನೆಯಲ್ಲಿ ಮಕ್ಕಳಿದ್ದಾರೆ. ಉಳಿದದ್ದು ಈ ಗ್ರೀನ್ ಬಾಟಲ್ ಬ್ಲೂ. ಇದೂ ಓಡುವುದರಲ್ಲಿ, ತಾಗಿದರೆ ತುರಿಸುವ ಮೈಕೂದಲು ಉದುರಿಸುವುದರಲ್ಲಿ ಸಾಧು ಏನಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಅಂಗಿ ಜೇಬಲ್ಲೇ ತಂದೆ.

ಬಚ್ಚಲುಮನೆಯ ಒಲೆ ಬೆಳಿಗ್ಗೆ ಸಂಜೆ ಉರಿಯುತ್ತದೆ. ಆ ಗೋಡೆಯ ಈಚೆ ಬದಿಗೆ ಕಪಾಟು ಇಟ್ಟೆ, ಹೊಗೆ ಈ ಕಡೆ ಬರುವುದಿಲ್ಲ. ಹೊರಗೆ 18 ಡಿಗ್ರಿ ಇದ್ದಾಗ ಅಲ್ಲಿ 24-25. ಗಾಳಿಯ ತೇವ ಶೇಕಡಾ 90ರ ಮೇಲಿದ್ದದ್ದು 65ರ ಆಸುಪಾಸಿಗೆ ಇಳಿಯಿತು. ಗೋಡೆಗೂ ಕಪಾಟಿಗೂ ನಡುವೆ ಏನಿಟ್ಟಿದ್ದೇನೆ ಅಂತ ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಪೆಟ್ಟಿಗೆಗೆ ಎದುರುಬದುರು ತೂತು, ಒಣ ಕೋಕೋಪೀಟ್, ಬಲೆ ಕಟ್ಟಲು ಸಿಲ್ವರ್ ಓಕ್ ಕಡ್ಡಿ, ನೀರಿಗೆ ಬಾಟಲಿ ಮುಚ್ಚಳ. ಇರುವೆಗೆ ಕಪಾಟಿನ ಕಾಲಡಿ ನೀರಿನ ಬಟ್ಟಲು.

ದುಡ್ಡು ಉಳಿಸೋಣ ಅಂತ ಖಾಲಿ ಪೆಟ್ಟಿಗೆಯಲ್ಲಿ ಕಾಫಿ ಸಿಪ್ಪೆ ಹಾಸಿ ನೋಡಿದೆ. ಮೂರೇ ದಿನಕ್ಕೆ ಬಿಳಿ ಬೂಷ್ಟು, ಹುಳಿ ವಾಸನೆ. ಅದಕ್ಕಿಂತ ದೊಡ್ಡ ತಪ್ಪು ಮಿಡತೆಯದು. ತೋಟದಲ್ಲಿ ಹಿಡಿದ ಮಿಡತೆಯನ್ನು ನನ್ನ ಹಳೆಯ ಟರಂಟುಲಾ ರೋಸ್ ಹೇರ್‌ಗೆ ಕೊಟ್ಟೆ. ಪಕ್ಕದ ತೋಟದಲ್ಲಿ ಔಷಧಿ ಹೊಡೆದಿದ್ದರು ಅಂತ ಆಮೇಲೆ ಗೊತ್ತಾಯಿತು. ಕಾಲು ನಡುಗಿಸುತ್ತಾ ಎರಡು ದಿನ ಒದ್ದಾಡಿ ಸತ್ತಿತು. ಐದು ವರ್ಷ ಸಾಕಿದ್ದೆ. ಈಗ ಗೋಧಿ ಬೂಸದಲ್ಲಿ ನಾನೇ ಸಾಕಿದ ಮೀಲ್‌ವರ್ಮ್ ಬಿಟ್ಟು ಬೇರೆ ಏನೂ ಕೊಡುವುದಿಲ್ಲ.

ಈ ಸಲ ಹನ್ನೆರಡು ದಿನ ಬಲೆಯ ಬಾಯಿ ಮುಚ್ಚಿಕೊಂಡು ಕೂತಿತ್ತು, ಹೊಟ್ಟೆ ಮಿರಿಮಿರಿ. ಒಂದು ಬೆಳಿಗ್ಗೆ ನೋಡಿದರೆ ಪೊರೆ ಹೊರಗೆ ಬಿದ್ದಿದೆ. ಸೋಪು ನೀರಲ್ಲಿ ನೆನೆಸಿ, ಹಲ್ಲುಕಡ್ಡಿಯಿಂದ ಮೆಲ್ಲ ಬಿಡಿಸಿದೆ. ಭೂತಗನ್ನಡಿ ಹಿಡಿದು ಹೊಟ್ಟೆಯ ಭಾಗ ನೋಡಿದರೆ ಮೇಲಿನ ಎರಡು ಶ್ವಾಸಚೀಲಗಳ ನಡುವೆ ಸಣ್ಣ ಮಡಿಕೆ. ಹೆಣ್ಣು!

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಹೆಣ್ಣಾ? ಹಾಗಾದ್ರೆ ಮರಿ ಮಾಡ್ತದಾ?" ಅಂದಳು. ಗಂಡು ಸಿಕ್ಕಿದರೆ ಮಾಡಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದಳು, "ಒಂದೊಂದಕ್ಕೂ ಮೂರೂವರೆ ಸಾವಿರವಾ?"