ಹೋಟೆಲ್ ಚಾವಣಿ ಮೇಲಿನ ಎಕ್ಸಾಸ್ಟ್ ಫ್ಯಾನ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಈ ವರ್ಷ ನನಗೆ ಒಂದೇ ವಿಷಯಕ್ಕೆ ಮೂರು ಫೋನ್ ಬಂದವು. ಮೂವರೂ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೊಸದಾಗಿ ಹೋಟೆಲ್ ಹಾಕಿದ ನಮ್ಮವರು. "ಅಣ್ಣಾ, ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ತೊಳೆಸಿದ್ವಿ. ಮಾರನೇ ದಿನ ಸಿಟಿಯವರು ಬಂದು ನೋಟಿಸ್ ಕೊಟ್ಟು ಹೋದ್ರು. ನಾವೇನು ತಪ್ಪು ಮಾಡಿದ್ವಿ?" ನಾನು ಬೇ ಏರಿಯಾದ ದಕ್ಷಿಣ ಭಾಗವಾದ ಸೌತ್ ಬೇನಲ್ಲಿ ದೋಸೆ ಹೋಟೆಲ್ ಶುರು ಮಾಡಿದ ಮೊದಲ ವರ್ಷ ನನಗೂ ಹೀಗೇ ಆಗಿತ್ತು. ನಾಲ್ಕನೆಯವರಿಗೆ ಆಗೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಲ್ತ್ ಪರ್ಮಿಟ್, ಫೈರ್ ಇನ್‌ಸ್ಪೆಕ್ಷನ್, ಒಲೆ ಮೇಲಿನ ಬೆಂಕಿ ಆರಿಸುವ ವ್ಯವಸ್ಥೆ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ಎಷ್ಟು ಸಲ ಪರೀಕ್ಷೆ ಮಾಡಿಸಿ, ಜಿಡ್ಡಿದ್ದರೆ ತೊಳೆಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಸೌದೆ ಇದ್ದಿಲಲ್ಲಿ ಅಡುಗೆ ಮಾಡುವವರಿಗೆ ತಿಂಗಳಿಗೊಮ್ಮೆ. 24 ಗಂಟೆ ಒಲೆ ಉರಿಸುವವರಿಗೆ, ಗ್ರಿಲ್ ಮತ್ತು ವೋಕ್ ಜಾಸ್ತಿ ಇರುವವರಿಗೆ 3 ತಿಂಗಳಿಗೊಮ್ಮೆ. ಸಾಮಾನ್ಯ ಹೋಟೆಲಿಗೆ 6 ತಿಂಗಳು. ತವಾ ಮೇಲೆ ದಿನವಿಡೀ ತುಪ್ಪ ಸುರಿಯುವ, ಪಕ್ಕದಲ್ಲೇ ವಡೆ ಬೋಂಡಾ ಕರಿಯುವ ನಮ್ಮಂಥವರು 3 ತಿಂಗಳು ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು. ಹೊಗೆ ಮೇಲೆ ಹೋಗುವ ಕೊಳವೆ, ಅಂದರೆ ಡಕ್ಟ್ ಒಳಗೆ ಜಿಡ್ಡು ಕೂತರೆ ಒಂದು ಕಿಡಿ ಸಾಕು, ಬೆಂಕಿ ಚಾವಣಿವರೆಗೆ ಹತ್ತುತ್ತದೆ.

ಇಷ್ಟು ಎಲ್ಲರೂ ಮಾಡುತ್ತಾರೆ. ಎಡವುವುದು ನೀರಿನಲ್ಲಿ.

ಫ್ಯಾನ್ ತೊಳೆಯುವವರು ಇಬ್ಬರು ನನಗೆ ರೇಟ್ ಹೇಳಿದ್ದರು. ಒಬ್ಬರು 750 ಡಾಲರ್, ಇನ್ನೊಬ್ಬರು 400. ಇಬ್ಬರೂ ಸ್ಟಿಕರ್ ಅಂಟಿಸುತ್ತೇವೆ, ಫೋಟೋ ಕೊಡುತ್ತೇವೆ ಅಂದರು. ನಾನು 400ರವರನ್ನೇ ಕರೆದೆ. ಅವರು ರಾತ್ರಿ ಹನ್ನೊಂದಕ್ಕೆ ಬಂದರು, ನಾನು ಬೀಗದ ಕೈ ಕೊಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಒಲೆ ಮೇಲಿನ ಹೊಗೆ ಹಿಡಿಯುವ ಹುಡ್ ಫಳಫಳ ಹೊಳೆಯುತ್ತಿತ್ತು. ಖುಷಿಯಾಯಿತು. ಮಧ್ಯಾಹ್ನ ಸಿಟಿಯಿಂದ ಒಬ್ಬರು ಬಂದು ನನ್ನನ್ನು ಹಿಂದಿನ ಪಾರ್ಕಿಂಗ್ ಜಾಗಕ್ಕೆ ಕರೆದುಕೊಂಡು ಹೋದರು. ಚಾವಣಿಯಿಂದ ಇಳಿದ ಪೈಪಿನ ಬಾಯಿಂದ ಕಂದು ಬಣ್ಣದ ಜಿಡ್ಡಿನ ಗೆರೆ ಹರಿದು ಜಾಲರಿ ಹಾಕಿದ ಮೋರಿಯವರೆಗೆ ಹೋಗಿತ್ತು. ಆ ಜಾಲರಿಯ ಪಕ್ಕದಲ್ಲೇ ಮೀನಿನ ಚಿತ್ರ ಇತ್ತು. ಇಲ್ಲಿ ಏನೂ ಸುರಿಯಬೇಡಿ, ಇದು ಕೊಲ್ಲಿಗೆ ಹರಿಯುತ್ತದೆ ಅಂತ ಬರೆದಿತ್ತು. ದಿನಾ ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿದ್ದೆ, ಒಂದು ದಿನವೂ ಓದಿರಲಿಲ್ಲ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟು. ಸೌತ್ ಬೇನಲ್ಲಿ ಎರಡು ಬೇರೆ ಬೇರೆ ಪೈಪ್ ಜಾಲಗಳಿವೆ. ಸಿಂಕ್, ಟಾಯ್ಲೆಟ್ ನೀರು ಒಳಚರಂಡಿಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಚಾವಣಿ, ಪಾರ್ಕಿಂಗ್, ರಸ್ತೆ ನೀರು ಮಳೆನೀರಿನ ಚರಂಡಿಗೆ ಹೋಗುತ್ತದೆ. ಅದನ್ನು ಯಾರೂ ಶುದ್ಧ ಮಾಡುವುದಿಲ್ಲ. ನೇರವಾಗಿ ಸ್ಟೀವನ್ಸ್ ಕ್ರೀಕ್‌ನಂಥ ಹಳ್ಳಕ್ಕೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಸೇರುತ್ತದೆ. ಚಾವಣಿ ಮೇಲೆ ಫ್ಯಾನ್ ತೊಳೆದರೆ ಆ ಎಣ್ಣೆ, ತೊಳೆಯಲು ಹಾಕಿದ ಕಾಸ್ಟಿಕ್ ಎಲ್ಲ ಮೀನಿರುವ ಹಳ್ಳಕ್ಕೇ ಸೇರುತ್ತದೆ. 1972ರ ಕ್ಲೀನ್ ವಾಟರ್ ಆ್ಯಕ್ಟ್‌ಗೆ 1987ರಲ್ಲಿ ತಿದ್ದುಪಡಿ ತಂದು ಊರುಗಳ ಮಳೆನೀರಿನ ಚರಂಡಿಗಳನ್ನೂ ಪರ್ಮಿಟ್ ಕೆಳಗೆ ತಂದರು. ಹಾಗಾಗಿ ಸಿಟಿಯವರು ನಿಮ್ಮನ್ನು ಕೇಳಲೇಬೇಕು. ಬೇಸಿಗೆಯಲ್ಲಂತೂ ಸಿಕ್ಕಿಬೀಳುವುದು ಸುಲಭ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲದ ಕಾರಣ ಚರಂಡಿ ಒಣಗಿರುತ್ತದೆ. ಅದರಲ್ಲಿ ನೀರು ಕಂಡರೆ ಎಲ್ಲಿಂದ ಬಂತು ಅಂತ ಹುಡುಕುತ್ತಾರೆ.

ಫೋನ್ ಮಾಡಿದ ಮೂವರಲ್ಲಿ ಒಬ್ಬರ ಅಡುಗೆಯವರು ಮುಂಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸ ಮಾಡಿದವರು. "ರಸ್ತೆ ಮೋರಿ ನೀರೂ ಪ್ಲಾಂಟಿಗೇ ಹೋಗುತ್ತೆ, ಏನಾಗಲ್ಲ" ಅಂದಿದ್ದರಂತೆ. ಆ ಊರಿನ ಬಹುಪಾಲು ಕಡೆ ಎರಡೂ ನೀರು ಒಂದೇ ಪೈಪಿನಲ್ಲಿ ಹೋಗುವುದು ನಿಜ. ಅಲ್ಲಿಂದ ಒಂದು ಗಂಟೆ ದೂರದ ನಮ್ಮಲ್ಲಿ ಹಾಗಿಲ್ಲ. ಊರು ಬದಲಾದರೆ ಪೈಪೂ ಬದಲಾಗುತ್ತದೆ, ಕೇಳಿ ತಿಳಿದುಕೊಳ್ಳಿ.

"ತೊಳೆದವರು ಅವರು, ದಂಡ ನನಗೇಕೆ?" ಅಂತ ನಾನೂ ಕೇಳಿದೆ. ನೀರು ಹೊರಟದ್ದು ನಿಮ್ಮ ಹೋಟೆಲಿನಿಂದ, ಕೆಲಸ ಕೊಟ್ಟವರು ನೀವು ಅಂದರು. ದಂಡ ಒಂದು ಕಡೆ. ಮೋರಿಯ ಜಿಡ್ಡನ್ನು ವ್ಯಾಕ್ಯೂಮ್ ಟ್ರಕ್ ತರಿಸಿ ಎಳೆಸಿದ ಬಿಲ್ ಇನ್ನೊಂದು ಕಡೆ. ಅದರ ಮೇಲೆ ಕಟ್ಟಡದ ಮಾಲೀಕರು ಚಾವಣಿ ರಿಪೇರಿಯ ಬಿಲ್ ಕಳಿಸಿದರು. ನಮ್ಮ ಚಾವಣಿಗೆ ಇದ್ದದ್ದು ಕಪ್ಪು ರಬ್ಬರಿನ ಹಾಸು. ಅಡುಗೆ ಎಣ್ಣೆ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ. 350 ಡಾಲರ್ ಉಳಿಸಲು ಹೋಗಿ 6,000ಕ್ಕೂ ಜಾಸ್ತಿ ಕಟ್ಟಿದೆ. ಆಗ ಹೋಟೆಲಿಗೆ ಏಳು ತಿಂಗಳಾಗಿತ್ತು. ಆ ತಿಂಗಳ ಬಾಡಿಗೆಗೆ ಹೆಂಡತಿಯ ಬಳೆ ಅಡವಿಡಬೇಕಾಯಿತು.

ಆಮೇಲೆ 750ರವರನ್ನು ಕರೆಸಿ ಇಡೀ ರಾತ್ರಿ ಜೊತೆಗೆ ನಿಂತು ನೋಡಿದೆ. ಅವರು ಮೊದಲು ನೀರೇ ಮುಟ್ಟಲಿಲ್ಲ. ಗೀರುಗತ್ತಿಯಲ್ಲಿ ಒಣ ಜಿಡ್ಡನ್ನೆಲ್ಲ ಕೆರೆದು ಚೀಲಕ್ಕೆ ತುಂಬಿದರು. ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪನ ಹೋಟೆಲಿನಲ್ಲೂ ಇದೇ ಕ್ರಮ ಇತ್ತು. ಹಳೇ ದೋಸೆ ಸಟ್ಟುಗದಲ್ಲಿ ಚಿಮಣಿ ಕೆರೆದು, ಮರದ ಹೊಟ್ಟಿನಿಂದ ಉಜ್ಜಿ, ಕೊನೆಗೆ ಒಂದು ಬಕೆಟ್ ನೀರು. ಕಮ್ಮಿ ನೀರು ಹಾಕಿದರೆ ಹೊರಹಾಕುವ ತಲೆನೋವೂ ಕಮ್ಮಿ.

ಆಮೇಲೆ ಒಲೆಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹುಡ್ ಕೆಳಗೆ ದೊಡ್ಡ ಲಾಳಿಕೆಯ ಹಾಗೆ ಕಟ್ಟಿ, ಅದರ ಬಾಯನ್ನು ಡ್ರಮ್ಮಿಗೆ ಬಿಟ್ಟರು. ಫ್ಯಾನ್‌ಗೆ ಕೀಲು ಇರುವುದರಿಂದ ಅದನ್ನು ಬಾಗಿಲಿನ ಹಾಗೆ ಓರೆ ಮಾಡಿ, ನೀರು ಡಕ್ಟ್ ಒಳಗೇ ಇಳಿಯುವಂತೆ ತೊಳೆದರು. ಹೊರಗೆ ಸಿಡಿದದ್ದನ್ನು ವ್ಯಾಕ್ಯೂಮ್‌ನಿಂದ ಎಳೆದರು. ಚಾವಣಿಯ ನೀರಿನ ಕಿಂಡಿಗೆ ಮೊದಲೇ ಮುಚ್ಚಳ ಹಾಕಿದ್ದರು. ಕೀಲು ಇಲ್ಲದ ಫ್ಯಾನ್ ಆದರೆ ಕಿತ್ತು ಚಾವಣಿ ಮೇಲೆ ಮಲಗಿಸಿ ತೊಳೆಯುತ್ತಾರೆ, ನೀರು ಹರಿಯುವುದು ಅಲ್ಲಿಂದಲೇ. ಎನ್‌ಎಫ್‌ಪಿಎ 96 ಎನ್ನುವ ಬೆಂಕಿ ಸುರಕ್ಷತೆಯ ನಿಯಮದಲ್ಲೂ ಕೀಲು ಇರಲೇಬೇಕು ಅಂತಿದೆ. ಜಾಗ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಏಣಿ ಹತ್ತಿ ನೋಡಿ. ಫ್ಯಾನ್ ಕೆಳಗೆ ಜಿಡ್ಡು ಹಿಡಿಯುವ ಡಬ್ಬಿ ಇದೆಯಾ, ತುಂಬಿ ಚೆಲ್ಲಿದೆಯಾ ಅಂತಲೂ ನೋಡಿ. ನೀವು ತೊಳೆಸದೇ ಇದ್ದರೂ, ಆರು ತಿಂಗಳು ಚಾವಣಿ ಮೇಲೆ ಕೂತ ಜಿಡ್ಡು ಅಕ್ಟೋಬರ್ ನವೆಂಬರ್‌ನ ಮೊದಲ ಮಳೆಗೆ ಒಟ್ಟಿಗೆ ಕೆಳಗೆ ಬರುತ್ತದೆ.

ಡ್ರಮ್ಮಿನ ನೀರನ್ನು ಮಾಪ್ ಸಿಂಕ್‌ಗೆ ಸುರಿದರೆ ಆಯ್ತಲ್ಲ, ಸಿಂಕ್ ನೀರಿನ ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಇದೆಯಲ್ಲ? ಅದೂ ಸುಮ್ನೆ ಆಗುವ ಕೆಲಸ ಅಲ್ಲ. ಬಿಸಿನೀರು ಮತ್ತು ಜಿಡ್ಡು ಬಿಡಿಸುವ ಡಿಗ್ರೀಸರ್ ಸೇರಿದಾಗ ಜಿಡ್ಡು ನೀರಿನಲ್ಲಿ ಬೆರೆತುಬಿಡುತ್ತದೆ. ಟ್ರ್ಯಾಪ್‌ನಲ್ಲಿ ಮೇಲೆ ತೇಲಿ ನಿಲ್ಲದೆ ದಾಟಿಹೋಗುತ್ತದೆ. ಮುಂದೆ ತಣ್ಣನೆಯ ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕಾಸ್ಟಿಕ್ ಇರುವ ನೀರಿನ ಪಿಎಚ್‌ಗೂ ಒಳಚರಂಡಿಯವರ ಮಿತಿ ಇರುತ್ತದೆ. ನನ್ನ ಮಾತು ಕೇಳಿದರೆ, ಆ ನೀರನ್ನು ತೊಳೆದವರೇ ಟ್ಯಾಂಕಿನಲ್ಲಿ ತೆಗೆದುಕೊಂಡು ಹೋಗಲಿ. ಎಲ್ಲಿ ಹಾಕಿದರು ಅನ್ನುವ ಚೀಟಿ ನಿಮ್ಮ ಕೈಗೆ ಬರಲಿ. ನೀವೇ ಬಿಡಬೇಕು ಅಂದರೆ ಒಳಚರಂಡಿಯವರನ್ನು ಮೊದಲು ಕೇಳಿ.

ಈ ವಿಷಯದಲ್ಲಿ ಇಲ್ಲಿನ ಪದ್ಧತಿಯೇ ಮೇಲು ಅಂತ ನನಗೆ ಅನಿಸುತ್ತದೆ. ಬೆಂಗಳೂರಿನಲ್ಲೂ ಒಳಚರಂಡಿ ಬೇರೆ, ಮಳೆನೀರಿನ ರಾಜಕಾಲುವೆ ಬೇರೆ. ಆದರೆ ಎಷ್ಟೋ ಕೊಳಚೆ ರಾಜಕಾಲುವೆಗೆ ಸೇರಿ, ಕೆರೆಯಿಂದ ಕೆರೆಗೆ ಹರಿದು ಬೆಳ್ಳಂದೂರಿಗೆ ಬರುತ್ತದೆ. 2017ರ ಫೆಬ್ರವರಿಯಲ್ಲಿ ಆ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಾಗ ನಾನು ಇಲ್ಲಿ ಕೂತು ವಿಡಿಯೋ ನೋಡಿದ್ದೆ. ಮೋರಿಗೆ ಬಿಟ್ಟದ್ದನ್ನು ಒಬ್ಬರಾದರೂ ಬಂದು ಕೇಳುವುದು ಒಳ್ಳೆಯದೇ.

ಇನ್ನು, ಕೆಲಸ ಒಪ್ಪಿಸುವಾಗ ರೇಟಿಗಿಂತ ಮೊದಲು "ನೀರು ಎಲ್ಲಿಗೆ ಹೋಗುತ್ತದೆ?" ಅಂತ ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಫೋಟೋ ಕೇಳುವಾಗ ಹುಡ್‌ದು ಮಾತ್ರ ಸಾಲದು, ಚಾವಣಿ ಮತ್ತು ಹಿಂದಿನ ಮೋರಿಯದ್ದೂ ಬೇಕು.

ನೀರು ಆಗಲೇ ಹರಿಯುತ್ತಿದ್ದರೆ ಮೊದಲು ಕೆಲಸ ನಿಲ್ಲಿಸಿ. ಜಾಲರಿ ಸುತ್ತ ಹಳೇ ಟವೆಲ್, ಅಕ್ಕಿ ಮೂಟೆ, ಕೈಗೆ ಸಿಕ್ಕಿದ್ದನ್ನು ಒಡ್ಡಿ. ನಿಂತ ನೀರನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಪೈಪ್ ಹಿಡಿದು ಇನ್ನಷ್ಟು ನೀರು ಹಾಕಿ ತೊಳೆದುಬಿಡಬೇಡಿ. ಫೋನ್ ಮಾಡಿದ ಮೂವರಲ್ಲಿ ಇಬ್ಬರು ಹಾಗೆ ಮಾಡಿದ್ದರು. ಪಾರ್ಕಿಂಗ್‌ನಲ್ಲಿ ಇದ್ದ ಜಿಡ್ಡು ಅದರಿಂದಲೇ ಹಳ್ಳಕ್ಕೆ ಹೋಯಿತು. ಆಮೇಲೆ ನೀವೇ ಸಿಟಿಗೆ ಫೋನ್ ಮಾಡಿ ಹೇಳಿ. ಮೂರನೆಯವರು ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಹೇಳಿದ್ದರು. ಅವರಿಗೆ ಎಚ್ಚರಿಕೆಯ ನೋಟಿಸ್ ಮಾತ್ರ ಬಂತು, ದಂಡ ಬೀಳಲಿಲ್ಲ.