ಭಪ್ಕಾ ಮುಟ್ಟಿ ನೋಡುವುದು

ಅತ್ತರು ಮಾಡುವ ಕೆಲಸ ನನಗೆ ಅಪ್ಪನಿಂದ ಬಂತು, ಅಪ್ಪನಿಗೆ ತಾತನಿಂದ. ತಾತ ಕಲಿತದ್ದು ಉತ್ತರ ಪ್ರದೇಶದ ಕನ್ನೌಜಿನಲ್ಲಿ. ಹಾಗಾಗಿ ನಮ್ಮ ಪಾತ್ರೆಗಳ ಹೆಸರೂ ಅಲ್ಲಿಯವೇ. ಹೂವು ಬೇಯಿಸುವ ತಾಮ್ರದ ಹಂಡೆ ದೇಗ್. ಆವಿ ಹಿಡಿಯುವ ಉದ್ದ ಕತ್ತಿನ ಪಾತ್ರೆ ಭಪ್ಕಾ. ಎರಡರ ನಡುವೆ ಒಂದು ಬಿದಿರಿನ ಕೊಳವೆ.

ಗುಲಾಬಿ ಬಿಸಿಲೇರುವ ಮೊದಲೇ ಬಂದು ಬೀಳಬೇಕು, ಬಂದ ಮೇಲೆ ಕಾಯಬಾರದು. ಹೂವು, ನೀರು ತುಂಬಿ ಮುಚ್ಚಳದ ಸುತ್ತ ಹತ್ತಿ ಕಲಸಿದ ಜೇಡಿಮಣ್ಣು ಮೆತ್ತುತ್ತೇವೆ. ಎರಡು ವರ್ಷ ನನಗೆ ಕೊಟ್ಟದ್ದು ಇದೊಂದೇ ಕೆಲಸ. ಬೇಜಾರಾಗುತ್ತಿತ್ತು. ಆದರೆ ಕೂದಲೆಳೆಯಷ್ಟು ಸಂದು ಉಳಿದರೂ ಘಮವೆಲ್ಲ ಕೊಟ್ಟಿಗೆಗೇ ಹೋಗುತ್ತದೆ, ಅಲ್ವಾ?

ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಅದನ್ನು ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿರುತ್ತೇವೆ. ಬಂದ ಆವಿ ಅಲ್ಲಿ ನೀರಾಗುತ್ತದೆ, ಪರಿಮಳವನ್ನು ಎಣ್ಣೆ ಹಿಡಿದುಕೊಳ್ಳುತ್ತದೆ. ಥರ್ಮಾಮೀಟರ್ ಇಲ್ಲ. ಅಪ್ಪ ನೀರಿಗೆ ಕೈ ಇಳಿಸಿ ಭಪ್ಕಾದ ಹೊಟ್ಟೆ ಸವರಿ, ಒಳಗೆ ಎಷ್ಟು ಇಳಿದಿದೆ ಎಂದು ಹೇಳುತ್ತಿದ್ದರು. ಸಾಕು ಅನ್ನಿಸಿದರೆ ದೇಗ್ ಮೇಲೆ ಒದ್ದೆ ಬಟ್ಟೆ ಹಾಕಿ ಆವಿ ತಗ್ಗಿಸಿ ಬೇರೆ ಭಪ್ಕಾ ಹೂಡಬೇಕು. ನಾನೂ ಪಕ್ಕದಲ್ಲಿ ಕೈ ಇಳಿಸುತ್ತಿದ್ದೆ. ಬಿಸಿ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ.

ಮೊದಲ ಸಲ ಒಬ್ಬನೇ ಕೂತ ದಿನ, ಬೇಗ ಮುಗಿಯಲಿ ಎಂದು ಸೌದೆ ಜಾಸ್ತಿ ತುರುಕಿದೆ. ಹೂವು ತಳ ಹಿಡಿಯಿತು. ಸುಟ್ಟ ವಾಸನೆ ಅಷ್ಟೂ ಗಂಧದೆಣ್ಣೆಗೆ ಇಳಿಯಿತು. ಅಪ್ಪ ಬೈಯಲಿಲ್ಲ. ಸುಮ್ನೆ ಮಣ್ಣಿನ ಬೋಗುಣಿ ತಂದು ನನ್ನ ಮುಂದಿಟ್ಟರು. ಮತ್ತೆ ಒಂದು ಸೀಸನ್ ಮೆತ್ತುವ ಕೆಲಸ!

ಸರಿಯಾಗಿ ಬಂದರೂ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮರುದಿನ ಎಣ್ಣೆ ಮೇಲೆ ನಿಂತಿರುತ್ತದೆ. ಕೆಳಗಿನ ನೀರನ್ನು ತೆಗೆದು ಮತ್ತೆ ದೇಗ್‌ಗೇ ಸುರಿಯುತ್ತೇವೆ. ಹೂವು ಹೊಸದು, ಎಣ್ಣೆ ಅದೇ. ನಾವು ಗುಲಾಬಿಗೆ ಹೀಗೆ ಹದಿನೈದು ದಿನ ಮಾಡುತ್ತೇವೆ. ಕೊನೆಗೆ ಒಂಟೆ ಚರ್ಮದ ಕುಪ್ಪಿಗೆ ತುಂಬಿಡುವುದು. ಉಳಿದ ನೀರಿನ ಪಸೆ ಚರ್ಮದ ಮೂಲಕ ಹೊರಟುಹೋಗುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ.

ಈಗ ಗಂಧದೆಣ್ಣೆ ಕೈಗೆಟುಕುವುದು ಕಷ್ಟ. ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಎಂಬ ವಾಸನೆಯಿಲ್ಲದ ಖನಿಜ ಎಣ್ಣೆಯಲ್ಲಿ ಇಳಿಸುವವರು ಬಹಳ ಜನ. ನಾವೂ ಅಗ್ಗದ ಮಾಲಿಗೆ ಅದನ್ನೇ ಹಾಕುತ್ತೇವೆ, ಕೊಳ್ಳುವವರಿಗೆ ಹೇಳಿಯೇ ಕೊಡುತ್ತೇವೆ. ಆ ಸೀಸೆಗಳಿಗೆ ತಾತನ ಹೆಸರಿನ ಚೀಟಿ ಮಾತ್ರ ಅಂಟಿಸುವುದಿಲ್ಲ.